ಒಂದೇ ವರ್ಷದಲ್ಲಿ ಕಳರಿಪಯಟ್ಟು ಕಲಿಯಬಹುದಾ?

ಕೇರಳದ ಕಾದಾಟದ ಕಲೆ ಕಳರಿಪಯಟ್ಟಿಗೆ ದಿನಾ ಮೂರು ಗಂಟೆ ಕೊಟ್ಟರೆ ವರ್ಷದೊಳಗೆ ಕತ್ತಿ ಹಿಡಿಯಬಹುದಾ, ಕಾಲೆತ್ತುವ ಕಸರತ್ತಿನಲ್ಲೇ ಯಾಕೆ ಅಷ್ಟು ತಿಂಗಳು ಕಳೆಯಬೇಕು ಅಂತ ಕೇಳಿದ್ದೀರಿ. ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ. ಎಡ ಮೊಣಕಾಲಿನ ಹೊಲಿಗೆ ಗುರುತು ಅದರದ್ದೇ.

ನಮ್ಮದು ಕಾಸರಗೋಡಿನ ನೀರ್ಚಾಲು ಕಡೆ. ಕಾಞಂಗಾಡಿನಲ್ಲಿ ಮೊಬೈಲ್ ಅಂಗಡಿ ಕೆಲಸ ಸಿಕ್ಕಿತು, ರೂಮಿನ ಹತ್ತಿರವೇ ಒಂದು ಕಳರಿ, ಅಂದರೆ ಈ ಕಲೆ ಕಲಿಸುವ ಜಾಗ, ಇತ್ತು. ನೆಲ ಅಗೆದು ತಗ್ಗು ಮಾಡಿದ ಮಣ್ಣಿನ ಕಣ, 42 ಅಡಿ ಉದ್ದ, 21 ಅಡಿ ಅಗಲ, ಮೂಲೆಯಲ್ಲಿ ಏಳು ಮೆಟ್ಟಿಲಿನ ಪೂತ್ತರ, ಅಂದರೆ ದೇವರ ಪೀಠ. ಮೈಗೆ ಎಣ್ಣೆ ಹಚ್ಚಿಕೊಂಡು ಬೆಳಗ್ಗೆ ಇಳಿದರೆ ಬರೀ ಮೆಯ್ತಾರಿ, ಅಂದರೆ ಮೈ ಪಳಗಿಸುವುದು. ಅದಾದ ಮೇಲೆ ಮರದ ಆಯುಧದ ಕೋಲ್ತಾರಿ, ಆಮೇಲೆ ಕತ್ತಿ ಗುರಾಣಿಯ ಅಂಕತ್ತಾರಿ. ಬರಿಗೈ ಕಾದಾಟ ಎಲ್ಲಕ್ಕಿಂತ ಕೊನೆಗೆ. ಸಿನಿಮಾ ನೋಡಿ ಬಂದವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ, ಅಲ್ವಾ?

ಈಗ ನನ್ನ ತಪ್ಪು. ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ನೇರ್ಕಾಲ್ ಅಂತ ಒಂದು ಕಾಲೆತ್ತುವ ಕಸರತ್ತಿದೆ. ಎರಡೂ ಕೈ ತಲೆ ಮೇಲೆ ಎತ್ತಿ ಹಿಡಿಯಬೇಕು, ಕಾಲನ್ನು ಮಡಚದೆ ಬೀಸಿ ಪಾದವನ್ನು ಅಂಗೈಗೆ ತಾಗಿಸಬೇಕು. ನನ್ನ ಕಾಲು ಎದೆ ಹತ್ತಿರ ಬಂದು ನಿಂತುಬಿಡುತ್ತಿತ್ತು. ಹಾಗಾಗಿ ನಿಂತ ಕಾಲಿನ ಹಿಮ್ಮಡಿಯನ್ನು ಒಂಚೂರು ಎತ್ತುತ್ತಿದ್ದೆ. ಒಂದು ಇಂಚು, ಅಷ್ಟೇ. ಪಾದ ಕೈಗೆ ತಾಗುತ್ತಿತ್ತು, ಪಟ್ ಅಂತ ಸದ್ದೂ ಬರುತ್ತಿತ್ತು. ಗುರುಕ್ಕಳ್, ಅಂದರೆ ಕಳರಿಯ ಗುರು, ಎತ್ತಬೇಡ ಅಂತ ಎರಡು ಸಲ ಹೇಳಿದರು. ಅವರು ಆಚೆ ತಿರುಗಿದ ಕೂಡಲೇ ನಾನು ಮತ್ತೆ ಎತ್ತಿದೆ. ದಿನಕ್ಕೆ ನೂರು ಸಲದಂತೆ ಎಂಟು ತಿಂಗಳು. ಸುಮ್ನೆ ಗುಣಿಸಿ ನೋಡಿ, ನಾನು ಕಲಿತದ್ದು ಹಿಮ್ಮಡಿ ಎತ್ತುವುದನ್ನು.

ಅಷ್ಟರಲ್ಲಿ ಒಬ್ಬ ಹಿರಿಯ ಶಿಷ್ಯನನ್ನು ಕಾಡಿಸಿ, ಸಂಜೆ ಟೆರೇಸಿನಲ್ಲಿ ಗುಟ್ಟಾಗಿ ಕೆಟ್ಟುಕಾರಿ ಶುರು ಮಾಡಿದ್ದೆ. ಅದು ಉದ್ದ ಕೋಲು, ಹನ್ನೆರಡು ಗೇಣಿನದ್ದು. ಹಾರಿ ತಿರುಗಿ ಇಳಿಯುವಾಗ ಹಿಮ್ಮಡಿ ಊರಲೇ ಇಲ್ಲ. ಇಡೀ ಭಾರ ಮುಂಗಾಲಿಗೆ ಬಿತ್ತು, ಮೊಣಕಾಲು ಒಳಗಡೆ ಹೊರಳಿತು. ಲಿಗಮೆಂಟ್ ಹರಿದಿತ್ತು. ಆಪರೇಷನ್, ಊರಿಗೆ ವಾಪಸ್, ಎರಡು ವರ್ಷ ಖಾಲಿ.

ತಿರುಗಿ ಹೋದಾಗ ಗುರುಕ್ಕಳ್ ಬೈಯಲಿಲ್ಲ. ಹಿಡಿಸೂಡಿಯಿಂದ ಒಂದು ಕಡ್ಡಿ ಕಿತ್ತು ನಿಂತ ಕಾಲಿನ ಹಿಮ್ಮಡಿ ಕೆಳಗಿಟ್ಟರು. ಕಾಲು ಬೀಸುವಾಗ ಅದರ ತುದಿ ಹಿಡಿದು ಎಳೆಯುತ್ತಿದ್ದರು. ಕಡ್ಡಿ ಬಂದರೆ ಮೊದಲಿನಿಂದ. ಅದು ಬಾರದೆ ಉಳಿಯಲು ನನಗೆ ನಾಲ್ಕು ತಿಂಗಳು ಬೇಕಾಯಿತು, ಅದೂ ಕಾಲು ಸೊಂಟದ ಎತ್ತರಕ್ಕೆ ಬೀಸಿದರೆ ಮಾತ್ರ.

ನಿಮ್ಮ ಮೂರು ಗಂಟೆಗೆ ಬರೋಣ. ಸ್ನಾಯು ಕೆಲವೇ ತಿಂಗಳಲ್ಲಿ ಗಟ್ಟಿಯಾಗುತ್ತದೆ. ಕೀಲಿನ ಸುತ್ತಲ ನಾರು ಹಾಗಲ್ಲ, ಅಲ್ಲಿಗೆ ರಕ್ತ ಹೋಗುವುದೇ ಕಡಿಮೆ, ಅದು ನಿಧಾನ. ನಡುವಿನ ಆ ಹೊತ್ತಿನಲ್ಲೇ ನಮಗೆ ಎಲ್ಲ ಬಂದುಬಿಟ್ಟಿದೆ ಅನಿಸುವುದು. ಒಂದು ಗಂಟೆಯ ಕೆಲಸವನ್ನು ಮೂರು ಗಂಟೆ ಮಾಡಿದರೆ ಮೂರು ವರ್ಷ ಒಂದು ವರ್ಷ ಆಗುವುದಿಲ್ಲ. ಕೇರಳದ ವಡಗರದ ಕಳರಿ ಗುರು ಮೀನಾಕ್ಷಿಯಮ್ಮ ಏಳನೇ ವಯಸ್ಸಿಗೆ ಶುರು ಮಾಡಿದವರು. 2017ರಲ್ಲಿ ಪದ್ಮಶ್ರೀ ಬಂದಾಗ ಎಪ್ಪತ್ತು ದಾಟಿತ್ತು, ಇನ್ನೂ ಕಳರಿಗೆ ಇಳಿಯುತ್ತಿದ್ದರು.

ಹಾಗಾಗಿ ‘ಎಷ್ಟು ವರ್ಷ’ ಅನ್ನುವ ಪ್ರಶ್ನೆಯೇ ನನಗೆ ಹಿಡಿಸಲಿಲ್ಲ. ವಿಡಿಯೋ ನೋಡಿ ಕಲಿಯುವ ಯೋಚನೆ ಇದ್ದರೆ ಈಗಲೇ ಬಿಡಿ, ವಿಡಿಯೋ ನಿಮ್ಮ ಹಿಮ್ಮಡಿ ನೋಡುವುದಿಲ್ಲ. ಕಳರಿ ಹುಡುಕುವಾಗ ಒಂದೇ ಮಾತು ಕೇಳಿ: ಕೋಲು ಯಾವಾಗ ಕೊಡ್ತೀರಿ? ತಾರೀಕು ಹೇಳಿದರೆ ಎದ್ದು ಬನ್ನಿ. ‘ಮೊದಲು ಕಾಲೆತ್ತು, ನೋಡೋಣ’ ಅಂದರೆ ಅಲ್ಲೇ ಚಪ್ಪಲಿ ಬಿಡಿ.