ಕಾರು ಸಣ್ಣದು, ಕಾರಣ ತೆರಿಗೆ

ಪ್ರಶ್ನೆ: 1920ರ ದಶಕದ ಫ್ರೆಂಚ್ ರೇಸ್ ಕಾರುಗಳ ಫೋಟೊ ನೋಡಿದೆ. ಅಮಿಲ್ಕಾರ್, ಸಾಲ್ಮ್‌ಸನ್ ಎಲ್ಲವೂ ಆಟಿಕೆ ಥರ ಇವೆ. ಅಷ್ಟು ಪುಟ್ಟ ಕಾರು ಯಾಕೆ ಮಾಡುತ್ತಿದ್ದರು? ನಿಜಕ್ಕೂ ಓಡುತ್ತಿದ್ದವಾ?

ಉತ್ತರ: ಯಾಕೆ ಅಂದರೆ, ತೆರಿಗೆ ಉಳಿಸೋಕೆ! ಮೊದಲ ಮಹಾಯುದ್ಧ ಮುಗಿದ ಮೇಲೆ ಫ್ರಾನ್ಸ್ ಸರ್ಕಾರ ‘ಸೈಕಲ್‌ಕಾರ್’ ಅಂತ ಒಂದು ವರ್ಗ ಮಾಡಿತು. ತೂಕ 350 ಕೆಜಿ ಒಳಗೆ, ಎಂಜಿನ್ 1100 ಸಿಸಿ ಒಳಗೆ, ಎರಡೇ ಸೀಟು ಇದ್ದರೆ ತೆರಿಗೆ ಕಡಿಮೆ. ಆಮೇಲೆ ಕಾರುಗಳು ದಪ್ಪಗಾದರೂ 1100 ಸಿಸಿ ಅನ್ನೋದು ರೇಸಿನ ವರ್ಗವಾಗಿ ಉಳಿದುಕೊಂಡಿತು.

ತೂಕ ಇಳಿಸೋಕೆ ಏನೆಲ್ಲ ಬಿಟ್ಟರು ನೋಡಿ. ಅಮಿಲ್ಕಾರ್‌ನಲ್ಲಿ ಡಿಫರೆನ್ಷಿಯಲ್ಲೇ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡುವ ಗೇರು) ಇರಲಿಲ್ಲ. ಅಂದರೆ ಹಿಂದಿನ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗುತ್ತವೆ, ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕಲ್ಲ, ಅದಕ್ಕೆ ದಾರಿ ಇಲ್ಲದೆ ಒಂದು ಚಕ್ರ ಜಾರಲೇಬೇಕು. ಆಗಿನ ಜಲ್ಲಿ ರಸ್ತೆಯಲ್ಲಿ ಅದು ನಡೆಯುತ್ತಿತ್ತು. ಸಾಲ್ಮ್‌ಸನ್ ಇನ್ನೂ ಕಿಲಾಡಿ. ಅದು ವಿಮಾನದ ಎಂಜಿನ್ ಮಾಡುತ್ತಿದ್ದ ಕಂಪನಿ. ಅವರ ಅಗ್ಗದ ಎಂಜಿನ್‌ನಲ್ಲಿ ಸಿಲಿಂಡರಿಗೆ ಎರಡು ವಾಲ್ವ್ (ಇಂಧನ ಮತ್ತು ಗಾಳಿ ಒಳಬರೋಕೆ ಒಂದು, ಹೊಗೆ ಹೊರಹೋಗೋಕೆ ಒಂದು), ಆದರೆ ಅವನ್ನು ತೆರೆಯುವ ರಾಡು ಒಂದೇ: ತಳ್ಳಿದರೆ ಒಂದು ವಾಲ್ವ್ ತೆರೆಯುತ್ತದೆ, ಎಳೆದರೆ ಇನ್ನೊಂದು. ನನಗಂತೂ ಇದು ಭಾರಿ ಇಷ್ಟ.

ಓಡುತ್ತಿದ್ದವಾ ಅಂತ ಕೇಳಿದಿರಲ್ಲ. 1927ರ ಲೆ ಮಾನ್ಸ್ 24 ಗಂಟೆ ರೇಸಿನಲ್ಲಿ ಬೆಂಟ್ಲಿ ಗೆದ್ದಿತು, ಎರಡನೇ ಮತ್ತು ಮೂರನೇ ಸ್ಥಾನ ಎರಡೂ 1.1 ಲೀಟರಿನ (ಅದೇ 1100 ಸಿಸಿ) ಸಾಲ್ಮ್‌ಸನ್‌ಗಳಿಗೆ. ದೊಡ್ಡ ಅಪಘಾತವಾಗಿ ಹಲವು ಕಾರು ಹೊರಬಿದ್ದಿದ್ದವು, ನಿಜ. ಆದರೆ ಈ ಪುಟ್ಟ ಕಾರುಗಳೂ ಇಡೀ ದಿನ ಓಡಿ ರೇಸ್ ಮುಗಿಸಿದವು ಅಲ್ವಾ?

ಪ್ರಶ್ನೆ: ನರ್ತಕಿ ಇಸಡೋರಾ ಡಂಕನ್ ಸತ್ತಿದ್ದು ಬುಗಾಟಿ ಕಾರಿನಲ್ಲಿ ಅಂತಾರೆ. ಹೌದಾ?

ಉತ್ತರ: ಅಲ್ಲ, ಅದು ಅಮಿಲ್ಕಾರ್. 1927ರ ಸೆಪ್ಟೆಂಬರ್ 14, ಫ್ರಾನ್ಸಿನ ನೀಸ್ ನಗರ. ಆಕೆಯ ಉದ್ದನೆ ರೇಷ್ಮೆ ಶಾಲು ಹಿಂದಿನ ಚಕ್ರದ ಕಡ್ಡಿಗಳಿಗೆ ಸಿಕ್ಕಿ ಕುತ್ತಿಗೆ ಬಿಗಿಯಿತು. ಇಂಥ ಕಾರಿನಲ್ಲಿ ಅದು ಸುಲಭ. ಮೈ ಕಿರಿದು, ಹಾಗಾಗಿ ಚಾಲಕನ ಮೊಣಕೈಗೆ ಜಾಗ ಸಿಗಲಿ ಅಂತ ಪಕ್ಕದವರ ಸೀಟನ್ನು ಸ್ವಲ್ಪ ಹಿಂದಕ್ಕೆ ಇಡುತ್ತಿದ್ದರು. ಕೂತವರ ತೋಳು ಹೆಚ್ಚುಕಡಿಮೆ ಹಿಂದಿನ ಚಕ್ರದ ಹತ್ತಿರವೇ. ಬುಗಾಟಿ ಹೆಸರು ಎಲ್ಲಿಂದ ಬಂತು ಅಂದರೆ, ಅವತ್ತು ಆ ಕಾರು ಓಡಿಸುತ್ತಿದ್ದ ಚಾಲಕನನ್ನು ಡಂಕನ್ ತಮಾಷೆಗೆ ‘ಬುಗಾಟಿ’ ಅಂತ ಕರೆಯುತ್ತಿದ್ದರು.