ಗಡಿಪಾರಾದ ಕಳ್ಳನ ಬಾಳು

ಪ್ರಶ್ನೆ: ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಗಡಿಪಾರಾದ ಕಳ್ಳಕಾಕರು ಅಲ್ಲಿ ಸಾಯುವ ತನಕ ಜೈಲಿನಲ್ಲೇ ಇರುತ್ತಿದ್ದರೆ?
– ಓರ್ವ ಓದುಗರು, ಉಡುಪಿ

ಉತ್ತರ: ಇಲ್ಲ. ಹಡಗಿನಲ್ಲಿ ಮೂರು ನಾಲ್ಕು ತಿಂಗಳು ಕಳೆದು ಪಶ್ಚಿಮ ತೀರದ ಫ್ರಿಮ್ಯಾಂಟಲ್‌ನಲ್ಲಿ ಇಳಿದವರು ಮೊದಲು ರಸ್ತೆ, ಸೇತುವೆಗಳ ಕೆಲಸಕ್ಕೆ ಹೋಗಬೇಕಿತ್ತು. ನಮ್ಮವರು ಮುರಕಲ್ಲು ಕಡಿಯುವಂತೆ ಅಲ್ಲಿನ ಸುಣ್ಣಕಲ್ಲನ್ನು ಕಡಿದು, ತಮ್ಮನ್ನು ಕೂಡಿಹಾಕುವ ಜೈಲನ್ನೂ ಅವರೇ ಕಟ್ಟಿದರೆಂಬುದು ವಿಚಿತ್ರವಾದರೂ ನಿಜ. ನಡತೆ ಚೆನ್ನಾಗಿದ್ದರೆ ಅವಧಿಗೆ ಮೊದಲೇ 'ಟಿಕೆಟ್ ಆಫ್ ಲೀವ್' ಎಂಬ ರಹದಾರಿ ಸಿಗುತ್ತಿತ್ತು. ಅದನ್ನು ಪಡೆದವನು ಸಂಬಳಕ್ಕೆ ದುಡಿಯಬಹುದಿತ್ತು, ಮದುವೆಗೆ ಅನುಮತಿ ಕೇಳಬಹುದಿತ್ತು. ಆದರೆ ಗೊತ್ತುಪಡಿಸಿದ ಜಿಲ್ಲೆಯನ್ನು ದಾಟುವಂತಿರಲಿಲ್ಲ. ಎತ್ತರ, ಕಣ್ಣಿನ ಬಣ್ಣ, ಮೈಮೇಲಿನ ಹಚ್ಚೆ ಎಲ್ಲವೂ ಸರಕಾರಿ ದಾಖಲೆಯಲ್ಲಿರುತ್ತಿದ್ದುದರಿಂದ ಹೆಸರು ಬದಲಿಸಿ ತಪ್ಪಿಸಿಕೊಳ್ಳುವುದು ಸುಲಭವಿರಲಿಲ್ಲ. ಈ ತೀರಕ್ಕೆ 1850ರಿಂದ 1868ರವರೆಗೆ ಬಂದ ಸುಮಾರು 9,700 ಕೈದಿಗಳೆಲ್ಲ ಗಂಡಸರೇ. ಬಿಡುಗಡೆಯಾದ ಮೇಲೂ ಹಡಗಿನ ದುಡ್ಡು ಹೊಂದಿಸಲಾಗದೆ ಹೆಚ್ಚಿನವರು ಊರಿನ ಮುಖವನ್ನು ಮತ್ತೆ ಕಾಣಲಿಲ್ಲ.