ತುಂಬಿದ ಬಾಟಲಿ ಹಾಗೇ ವಾಪಸ್ ಬಂದಿತ್ತು

ಕಲಬುರಗಿಯ ಒಂದು ಶಾಲೆಯಲ್ಲಿ ಒಂಬತ್ತನೇ ತರಗತಿ ಓದುವ ಹುಡುಗ. ಮಲ್ಲು ಅನ್ನೋಣ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ, ಬರೆಯಲು ಅವನೂ ಅವನ ತಂದೆಯೂ ಒಪ್ಪಿದ್ದಾರೆ.

ಬ್ರಿಟನ್ನಿನಲ್ಲಿ 1956ರಲ್ಲಿ ಡ್ಯೂಕ್ ಆಫ್ ಎಡಿನ್‌ಬರೋ ಹೆಸರಿನಲ್ಲಿ ಶುರುವಾದ ಯುವ ಪುರಸ್ಕಾರ ಕಾರ್ಯಕ್ರಮದ ಮೊದಲ ಹಂತವಾದ ಬ್ರಾಂಜ್‌ಗೆ ಮಲ್ಲು ಸೇರಿದ್ದ. 14 ತುಂಬಿದವರು ಸೇರಬಹುದು. ಸೇವೆ, ಕೌಶಲ, ಆಟೋಟ ಈ ಮೂರನ್ನೂ ಚೆನ್ನಾಗಿಯೇ ಮಾಡುತ್ತಿದ್ದ. ಉಳಿದದ್ದು ಸಾಹಸಯಾತ್ರೆ: ಎರಡು ಹಗಲು, ಒಂದು ರಾತ್ರಿ ತಂಡದ ಜೊತೆ ನಡೆಯಬೇಕು, ಅಡುಗೆಯನ್ನೂ ತಾವೇ ಮಾಡಿಕೊಳ್ಳಬೇಕು. ಅಂತಿಮ ಯಾತ್ರೆಗೆ ಮೊದಲು ಒಂದು ಅಭ್ಯಾಸ ಯಾತ್ರೆ. ಅದು ಡಿಸೆಂಬರಿನಲ್ಲಿ, ಚಿಂಚೋಳಿಯ ಚಂದ್ರಂಪಳ್ಳಿ ಕಡೆಗೆ ಅಂತ ಗೊತ್ತಾಗಿತ್ತು.

ಅದರ ತಯಾರಿಗೆಂದು ಊರ ಹೊರಗೆ ಒಂದು ದಿನದ ನಡಿಗೆ ಇಟ್ಟಿದ್ದರು. ಮಧ್ಯಾಹ್ನ ಮಲ್ಲು ತಲೆಸುತ್ತಿ ಕೂತುಬಿಟ್ಟ. ಮರುದಿನದಿಂದ ಹೊಟ್ಟೆನೋವು, ಯಾತ್ರೆಗೆ ಬರೋದಿಲ್ಲವೆಂಬ ಹಟ. ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ತಂದೆ ಅವನನ್ನು ಆಪ್ತಸಲಹೆಗೆಂದು ನನ್ನ ಹತ್ತಿರ ಕರೆತಂದರು. "ಅಂಜುಬುರುಕ ಆಗ್ಯಾನ್ರಿ ಮೇಡಂ, ಸ್ವಲ್ಪ ಧೈರ್ಯ ಹೇಳ್ರಿ" ಅಂದರು.

ನಡಿಗೆಗೆ ಹೋಗಿದ್ದ ಶಿಕ್ಷಕರು ಫೋನಿನಲ್ಲಿ ಒಂದು ಮಾತು ಹೇಳಿದ್ದರು. ತಲೆಸುತ್ತಿದಾಗ ಅವನ ನೀರಿನ ಬಾಟಲಿ ಕುತ್ತಿಗೆಮಟ್ಟ ತುಂಬಿಯೇ ಇತ್ತಂತೆ, ತುಟಿ ಒಣಗಿ ಸಿಪ್ಪೆ ಎದ್ದಿತ್ತಂತೆ. ನನಗೆ ಅದೇ ತಲೆಯಲ್ಲಿ ಕೂತಿತ್ತು. ಈ ಬಿಸಿಲಿನ ನಾಡಿನ ಹುಡುಗ ನೀರು ಯಾಕೆ ಕುಡಿಯಲಿಲ್ಲ?

ತಂದೆಯನ್ನು ಹೊರಗೆ ಕೂಡಿಸಿ ಕೇಳಿದೆ: "ಟೆಂಟಿನ್ಯಾಗ ಎಷ್ಟು ಮಂದಿ ಮಲಗ್ತೀರಪ್ಪಾ?"

"ಮೂರು ಮಂದಿರಿ." ಬಹಳ ಹೊತ್ತು ಬೆರಳ ಉಗುರನ್ನೇ ನೋಡುತ್ತ ಕೂತ. ಆಮೇಲೆ, "ನಂದು ಹಾಸಿಗಿ ಹಸಿ ಆಗ್ತದ್ರಿ. ವಾರದಾಗ ಎರಡ್ಮೂರು ಸಲ. ನೀರು ಬಿಟ್ರ ಕಮ್ಮಿ ಆಗ್ತದೇನಂತ ನೋಡ್ಲಾಕತ್ತಿದ್ದೆ" ಅಂದ.

ಈ ವಯಸ್ಸಿನಲ್ಲೂ ನೂರರಲ್ಲಿ ಒಬ್ಬಿಬ್ಬರಿಗೆ ಹೀಗಾಗುತ್ತದೆ. ಸೋಮಾರಿತನವಲ್ಲ, ಅಂಜಿಕೆಯಲ್ಲ. ಮೂತ್ರಕೋಶ ತುಂಬಿದ ಸುದ್ದಿ ಗಾಢ ನಿದ್ದೆಯನ್ನು ದಾಟಿ ಎಬ್ಬಿಸುವುದಿಲ್ಲ. ಕೆಲವರಲ್ಲಿ ರಾತ್ರಿ ಮೂತ್ರ ಕಡಿಮೆ ಮಾಡುವ ಹಾರ್ಮೋನು ಸಾಲುವುದಿಲ್ಲ. ಮನೆತನದಲ್ಲೂ ಬರುತ್ತದೆ. ಮಲ್ಲು ಒಪ್ಪಿದ ಮೇಲೆ ತಂದೆಗೆ ತಿಳಿಸಿದೆ. ಅವರು ಟವಲಿನಿಂದ ಮುಖ ಒರೆಸಿಕೊಂಡು, ಮಗನ ಕಡೆ ನೋಡದೆ ಹೇಳಿದರು: "ನನಗೂ ಎಂಟನೇತ್ತಾ ತನಕ ಇತ್ರಿ. ಈ ಮಾತು ನಮ್ಮವ್ವ ಒಬ್ಬಾಕಿಗೇ ಗೊತ್ತು." ಆ ದಿನ ನಾನು ಹೇಳಿದ ಎಲ್ಲಕ್ಕಿಂತ ಆ ಮಾತೇ ಹುಡುಗನಿಗೆ ಹೆಚ್ಚು ತಾಗಿತು.

ಮೊದಲ ಸಲಹೆ, ಹಗಲು ನೀರು ಬಿಡಬೇಡ. ನಡೆಯುವಾಗ ಬಾಯಾರುವ ಮುಂಚೆಯೇ ಗುಟುಕು ಗುಟುಕಾಗಿ ಕುಡಿ, ಸಂಜೆಯಾದ ಮೇಲೆ ಕಡಿಮೆ ಮಾಡು. ಎರಡನೆಯದು ವೈದ್ಯರು. ಸಕ್ಕರೆ ಕಾಯಿಲೆ, ಮೂತ್ರದ ಸೋಂಕು, ಮಲಬದ್ಧತೆ ಇಲ್ಲವೆಂದು ನೋಡಿ ಅವರು ಆ ಹಾರ್ಮೋನಿನಂತೆ ರಾತ್ರಿ ಮೂತ್ರ ಕಡಿಮೆ ಮಾಡುವ ಡೆಸ್ಮೋಪ್ರೆಸಿನ್ ಮಾತ್ರೆ ಬರೆದುಕೊಟ್ಟರು. ಇದನ್ನು ಹೊರಡುವ ದಿನ ಮೊದಲ ಸಲ ನುಂಗುವಂತಿಲ್ಲ, ಮನೆಯಲ್ಲಿ ತೆಗೆದುಕೊಂಡು ನೋಡಿರಬೇಕು. ಮಾತ್ರೆಗೆ ಒಂದು ಗಂಟೆ ಮೊದಲಿನಿಂದ ಎಂಟು ಗಂಟೆ ನಂತರದವರೆಗೆ ನೀರು ತೀರಾ ಮಿತ. ಇಲ್ಲದಿದ್ದರೆ ರಕ್ತದಲ್ಲಿ ಸೋಡಿಯಂ ಇಳಿದು ಜೀವಕ್ಕೇ ಅಪಾಯ. ವಾಂತಿ ಭೇದಿ ಇದ್ದರೆ ಮಾತ್ರೆ ಬೇಡವೇ ಬೇಡ. ವೈದ್ಯರನ್ನು ಕೇಳದೆ ಯಾರೂ ಇದನ್ನು ಮಕ್ಕಳಿಗೆ ಕೊಡಬಾರದು.

ಶಾಲೆಯಲ್ಲಿ ಯಾರಿಗೆ ಹೇಳಬೇಕೆಂಬುದನ್ನು ಮಲ್ಲುಗೇ ಬಿಟ್ಟೆ. ಒಬ್ಬ ಶಿಕ್ಷಕರನ್ನು ಆರಿಸಿದ. ಅವರಿಗೆ ನಾನು ಕೇಳಿದ್ದು ಇಷ್ಟೇ: ಆರೋಗ್ಯದ ಫಾರಂ ಮುಚ್ಚಿದ ಲಕೋಟೆಯಲ್ಲಿ ಪಡೆಯಿರಿ, ತಂಡದ ಮುಂದೆ ಓದಬೇಡಿ. ಮಲಗುವ ಮುಂಚೆ ಎಲ್ಲರನ್ನೂ ಶೌಚಕ್ಕೆ ಕಳಿಸಿ, ಆಗ ಯಾರೂ ಬೇರೆಯಾಗಿ ಕಾಣುವುದಿಲ್ಲ. ಅವನಿಗೆ ಟೆಂಟಿನ ಬಾಗಿಲ ಬದಿಯ ಜಾಗ ಕೊಡಿ. ಇಂಥ ಯಾತ್ರೆಗೆ ತಯಾರಿ ಮಾಡಿಸುವವರು ಶೂ, ಹಗ್ಗ, ನಕ್ಷೆ ಎಲ್ಲ ಕೇಳುತ್ತಾರೆ, ಮಗುವಿನ ರಾತ್ರಿ ಹೇಗಿರುತ್ತದೆ ಎಂದು ಮಾತ್ರ ಕೇಳುವುದಿಲ್ಲ. ತಿಂಗಳ ಮುಟ್ಟಿನ ಹೆಣ್ಣುಮಕ್ಕಳ ವಿಷಯದಲ್ಲೂ ನಾನು ಇದನ್ನೇ ಕಂಡಿದ್ದೇನೆ, ಕಂಡಾಗೆಲ್ಲ ಸಂಕಟವಾಗುತ್ತದೆ.

ಈ ಸಲ ಹೋಗದಿದ್ದರೂ ಏನೂ ಕಳೆದುಕೊಳ್ಳುವುದಿಲ್ಲ ಎಂದೂ ಹೇಳಿದ್ದೆ. ಇದರಲ್ಲಿ ಯಾರ ಜೊತೆಗೂ ಪೈಪೋಟಿ ಇಲ್ಲ, 25 ತುಂಬುವುದರೊಳಗೆ ಮುಗಿಸಿದರಾಯಿತು. ಅದನ್ನು ಕೇಳಿದ ಮೇಲೆಯೇ ಅವನು ಹೋಗುವ ಮನಸ್ಸು ಮಾಡಿದ.

ಮೊದಲು ಮಾಳಿಗೆ ಮೇಲೆ ಚಿಕ್ಕಪ್ಪನ ಮಗನ ಜೊತೆ ಮೂರು ರಾತ್ರಿ ಮಲಗಿ ನೋಡಿದ. ಒಂದು ರಾತ್ರಿ ಹಸಿಯಾಯಿತು. ಸ್ಲೀಪಿಂಗ್ ಬ್ಯಾಗಿನೊಳಗೆ ಹಾಸಲು ತಾಯಿ ಹಳೆ ಕಾಟನ್ ಸೀರೆಯ ಚೀಲ ಹೊಲಿದುಕೊಟ್ಟರು. ಒಣ ಚಡ್ಡಿ, ಟಾರ್ಚು, ಹಸಿ ಬಟ್ಟೆಗೊಂದು ಕಪ್ಪು ಚೀಲ, ಮೂರನ್ನೂ ಕತ್ತಲಲ್ಲೇ ಕೈಗೆ ಸಿಗುವಂತೆ ಜೋಡಿಸಿ ರೂಢಿ ಮಾಡಿಕೊಂಡ.

ಚಂದ್ರಂಪಳ್ಳಿಯಿಂದ ಬಂದವನು ನಡಿಗೆಯ ಡೈರಿ ತೋರಿಸಿದ. "ನೀರು: 3 ಲೀಟರ್" ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದ. "ನಸುಕಿನ್ಯಾಗ ಹಸಿ ಆತ್ರಿ ಮೇಡಂ. ಬಟ್ಟಿ ಬದಲಿ ಮಾಡ್ಕೊಂಡು ಮತ್ತ ಮಲಕ್ಕೊಂಡೆ. ಯಾರೂ ಎದ್ದಿಲ್ರಿ" ಅಂದ. ಆಮೇಲೆ ಅರ್ಧ ಗಂಟೆ ಖಿಚಡಿ ಸೀದುಹೋದ ಕಥೆ ಹೇಳಿದ.

ಹಾಸಿಗೆ ಹಸಿಯಾದ ಕೂಡಲೇ ಸದ್ದು ಮಾಡಿ ಎಬ್ಬಿಸುವ ಅಲಾರಂ ಈಗ ಮನೆಯಲ್ಲಿ ಶುರುವಾಗಿದೆ. ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ಅಂತಿಮ ಯಾತ್ರೆ ಅದಕ್ಕೂ ಮುಂಚೆಯೇ ಬರುತ್ತದೆ. ಆ ಚೀಲ ಹೊಲಿದ ಸೀರೆಯಲ್ಲಿ ಇನ್ನೊಂದು ಚೀಲಕ್ಕಾಗುವಷ್ಟು ಬಟ್ಟೆ ಉಳಿದಿದೆಯಂತೆ.